ಒಂದೇ ಫಸಲಿನ ವ್ಯೂಹ

ಫುಟ್‌ಬಾಲ್ ಆಟದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ದೀರ್ಘಕಾಲ ಆಳಿದವರ ಚರಿತ್ರೆಯನ್ನೇ ಬರೆದಿದ್ದಾರೆ. ಬ್ರೆಜಿಲಿನ ಪೆಲೆ ಮೂರು ವಿಶ್ವಕಪ್‌ಗಳ ವಿಜೇತನೆನಿಸಿದುದು, ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡವು ಮೊದಲ ಐದು ಯುರೋಪಿಯನ್ ಕಪ್‌ಗಳನ್ನು ಒಂದೇ ಸಮನೆ ಹೊತ್ತುಕೊಂಡು ಹೋದುದು ಕ್ರೀಡಾಸಕ್ತರೆಲ್ಲರಿಗೂ ತಿಳಿದ ವಿಷಯ. ಆದರೆ ಒಂದು ಋತುವಿನಲ್ಲಿ ದೇಶದ ಘಟಾನುಘಟಿ ತಂಡಗಳನ್ನೆಲ್ಲ ದಿಗ್ಭ್ರಮೆಗೊಳಿಸಿ, ಮರುವರ್ಷ ತಾವೇ ದಿಕ್ಕುಗಾಣದೆ ನಿಂತು, ಅದರ ಮರುವರ್ಷ ಕೆಳದರ್ಜೆಗೆ ಉರುಳಿದವರ ಕಥೆಯೂ ಒಂದುಂಟು. ಅದು ಇಂಗ್ಲೆಂಡಿನ ಇಪ್ಸ್‌ವಿಚ್ ಟೌನ್ ತಂಡದ ಕಥೆ. 1961ರ ಆಗಸ್ಟಿನಲ್ಲಿ ಆರಂಭವಾಗಿ 1964ರ ವಸಂತದಲ್ಲಿ ಮುಗಿದುಹೋದ ಕಥೆ.

ಇಪ್ಸ್‌ವಿಚ್ ದೊಡ್ಡ ನಗರವಲ್ಲ. ಲಂಡನ್ನಿನ ಈಶಾನ್ಯಕ್ಕೆ, ಸಫೋಕ್ ಪ್ರಾಂತದ ಗದ್ದೆ ಹೊಲಗಳ ನಡುವೆ, ಆರ್ವೆಲ್ ನದಿಯ ದಡದಲ್ಲಿರುವ ಹಳೆಯ ಬಂದರು ಪಟ್ಟಣ. ನೇಗಿಲು ಮೊದಲಾದ ಕೃಷಿಯಂತ್ರಗಳಿಗೂ ಹುಲ್ಲು ಕತ್ತರಿಸುವ ಯಂತ್ರಗಳಿಗೂ ಹೆಸರಾದ ಊರು. ಮ್ಯಾಂಚೆಸ್ಟರ್, ಲಿವರ್‌ಪೂಲ್, ಬರ್ಮಿಂಗ್‌ಹ್ಯಾಮ್‌ಗಳಂತೆ ಲಕ್ಷಾಂತರ ಕಾರ್ಮಿಕರು ಶನಿವಾರ ಮಧ್ಯಾಹ್ನ ಕಾರ್ಖಾನೆಯಿಂದ ನೇರವಾಗಿ ಕ್ರೀಡಾಂಗಣಕ್ಕೆ ನುಗ್ಗುವ ಪರಂಪರೆ ಅಲ್ಲಿರಲಿಲ್ಲ. ಅಲ್ಲಿಯ ತಂಡ ವೃತ್ತಿಪರವಾದುದೇ 1936ರಲ್ಲಿ. ರಾಷ್ಟ್ರೀಯ ಲೀಗಿಗೆ ಪ್ರವೇಶ ದೊರೆತುದು 1938ರಲ್ಲಿ. ಕ್ಲಬ್ಬಿನ ಯಜಮಾನಿಕೆ ಮದ್ಯ ತಯಾರಿಕೆಯ ಕಾಬೊಲ್ಡ್ ಮನೆತನದ್ದು. 1955ರಲ್ಲಿ ಆ ತಂಡ ಮೂರನೆಯ ದರ್ಜೆಯಲ್ಲಿತ್ತು. ಆ ವರ್ಷದ ಆಗಸ್ಟಿನಲ್ಲಿ ಆಲ್ಫ್ ರ್‍ಯಾಮ್ಸೆ ಎಂಬ ಮೂವತ್ತೈದರ ಪ್ರಾಯದ ಮಿತಭಾಷಿ ಅದರ ವ್ಯವಸ್ಥಾಪಕನಾಗಿ ಬಂದ.

ರ್‍ಯಾಮ್ಸೆ ಆಟಗಾರನಾಗಿ ಸಾಮಾನ್ಯನಲ್ಲ. ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ತಂಡ 1951ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಪಟ್ಟ ಗೆದ್ದಾಗ ಅದರ ರೈಟ್‌ಬ್ಯಾಕ್ ಅವನೇ. ಅವನ ಮುಂದೆ ರೈಟ್‌ಹಾಫ್ ಆಗಿ ಆಡುತ್ತಿದ್ದವನು ಬಿಲ್ ನಿಕಲ್ಸನ್. ಈ ಎರಡನೆಯ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಂಗ್ಲೆಂಡಿನ ಪರವಾಗಿ ರ್‍ಯಾಮ್ಸೆ 32 ಪಂದ್ಯಗಳನ್ನಾಡಿದ. ಅವುಗಳಲ್ಲಿ ಕೊನೆಯದು 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೆರಿಯ ವಿರುದ್ಧ ನಡೆದ ಪಂದ್ಯ. ಅಲ್ಲಿಯವರೆಗೆ ಯುರೋಪ್ ಖಂಡದ ಯಾವ ತಂಡವೂ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಸೋಲಿಸಿರಲಿಲ್ಲ. ಹಂಗೆರಿ 6–3ರಿಂದ ಸೋಲಿಸಿತು.

ಆ ಸೋಲಿನ ಗುಟ್ಟು ತಿಳಿಯಬೇಕಾದರೆ ಆಗಿನ ಆಟದ ಕಟ್ಟುಪಾಡು ಸ್ವಲ್ಪ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಆಟಗಾರನ ಬೆನ್ನಮೇಲಿನ ಅಂಕಿಯೇ ಅವನ ಜಾತಕ. 9ನೆಯ ಅಂಕಿಯವನು ಸೆಂಟರ್ ಫಾರ್ವರ್ಡ್. ಅವನನ್ನು ಕಾಯುವವನು ಎದುರು ತಂಡದ 5ನೆಯವನು. 7 ಮತ್ತು 11 ಎರಡು ಪಾರ್ಶ್ವಗಳ ವಿಂಗರುಗಳು. ಅವರನ್ನು ಕಾಯುವವರು ಎದುರಿನ 3 ಮತ್ತು 2. ಪ್ರತಿಯೊಬ್ಬನಿಗೂ ಒಬ್ಬೊಬ್ಬ ಕಾವಲುಗಾರ, ಮದುವೆಯ ಸಾಲಿನಲ್ಲಿ ಎಲೆ ಹಾಕಿದಂತೆ. ಹಂಗೆರಿಯ 9ನೆಯ ಅಂಕಿಯ ಹಿಡೆಗ್‌ಕುಟಿ ಈ ಪಂಕ್ತಿಯಲ್ಲಿ ಕೂರಲೇ ಇಲ್ಲ. ಗೋಲಿನ ಬಳಿ ನಿಲ್ಲುವ ಬದಲು ಅಂಗಣದ ನಡುಭಾಗಕ್ಕೆ ಹಿಂದೆ ಸರಿದ. ಇಂಗ್ಲೆಂಡಿನ 5ನೆಯವನು ಅವನನ್ನು ಹಿಂಬಾಲಿಸಿದರೆ ಗೋಲಿನ ಮುಂದೆ ದಾರಿ ಬಯಲು. ಹಿಂಬಾಲಿಸದಿದ್ದರೆ ಹಿಡೆಗ್‌ಕುಟಿಗೆ ತಡೆಯಿಲ್ಲ. ಅವನೊಬ್ಬನೇ ಮೂರು ಗೋಲು ಹೊಡೆದ. ಅಂದು ಇಂಗ್ಲೆಂಡಿನ ರೈಟ್‌ಬ್ಯಾಕ್ ಆಗಿ, ತನ್ನ ಕಣ್ಣೆದುರಿಗೇ ವ್ಯವಸ್ಥೆ ಕುಸಿದುಬಿದ್ದುದನ್ನು ರ್‍ಯಾಮ್ಸೆ ಕಂಡ.

ಈ ಉಪಾಯವನ್ನು ಇಂಗ್ಲೆಂಡಿನಲ್ಲಿ ಮೊದಲು ನಕಲು ಮಾಡಿದುದು ಮ್ಯಾಂಚೆಸ್ಟರ್ ಸಿಟಿ. ಡಾನ್ ರೆವಿ ಎಂಬ ಆಟಗಾರ 9ನೆಯ ಅಂಕಿ ಧರಿಸಿ ಹಿಂದೆ ಸರಿದು ಆಡಿದುದರಿಂದ ಅದಕ್ಕೆ ರೆವಿ ಯೋಜನೆ ಎಂದೇ ಹೆಸರಾಯಿತು. 1955ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಸಿಟಿ ಸೋತಿತು, 1956ರಲ್ಲಿ ಗೆದ್ದಿತು. ಆ ಗೆಲುವನ್ನು ಜನ ನೆನೆಯುವುದು ಯೋಜನೆಗಾಗಿ ಅಲ್ಲ, ಗೋಲುರಕ್ಷಕ ಬರ್ಟ್ ಟ್ರಾಟ್‌ಮನ್ನನ ಕತ್ತಿಗಾಗಿ. ಪಂದ್ಯ ಮುಗಿಯಲು ಇನ್ನೂ ಸುಮಾರು ಕಾಲು ಗಂಟೆ ಇರುವಾಗ ಎದುರಾಳಿಯ ಮಂಡಿ ಬಡಿದು ಅವನ ಕತ್ತಿನ ಮೂಳೆ ಮುರಿದಿತ್ತು. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಕತ್ತು ಹಿಡಿದುಕೊಂಡೇ ಆತ ಕೊನೆಯವರೆಗೆ ಗೋಲು ಕಾಯ್ದ. ಮೂಳೆ ಮುರಿದುದು ಗೊತ್ತಾದುದು ಕೆಲವು ದಿನಗಳ ಮೇಲೆ ಎಕ್ಸ್‌ರೇ ತೆಗೆದಾಗ. ಕತ್ತಿಗೆ ಪೆಟ್ಟಾದವನನ್ನು ಅಲುಗಿಸಲೇಬಾರದು ಎಂಬುದು ಪ್ರಥಮ ಚಿಕಿತ್ಸೆಯ ಮೊದಲ ಪಾಠ. ಅವನು ಬದುಕಿದುದು ಅದೃಷ್ಟ. ಅದೇ ವರ್ಷದ ನವೆಂಬರಿನಲ್ಲಿ ರೆವಿ ಬೇರೆ ತಂಡಕ್ಕೆ ಹೊರಟುಹೋದ. ಯೋಜನೆಯೂ ಅವನ ಹಿಂದೆಯೇ ಮರೆಯಾಯಿತು.

ರ್‍ಯಾಮ್ಸೆ ಮಾಡಿದುದು ನಕಲಲ್ಲ. ಅವನ ಬಳಿ ಹಣವಿರಲಿಲ್ಲ. ದೊಡ್ಡ ತಂಡಗಳು ಒಬ್ಬ ಆಟಗಾರನಿಗೆ ತೆರುತ್ತಿದ್ದ ಹಣದಲ್ಲಿ ಇಡೀ ತಂಡವನ್ನೇ ಕಟ್ಟಬೇಕಾಗಿತ್ತು. ಇತರರು ಬಿಟ್ಟವರು, ಹೆಸರಿಲ್ಲದವರು, ವಯಸ್ಸಾಗುತ್ತ ಬಂದವರು ಅವನ ಪಾಲಿಗೆ ಬಂದರು. ಸೈನ್ಯಸೇವೆಗಾಗಿ ಮಲಯಾಕ್ಕೆ ಹೋಗಿ ಬಂದಿದ್ದ ರೇ ಕ್ರಾಫರ್ಡ್ ಪೋರ್ಟ್ಸ್‌ಮತ್ ತಂಡದಿಂದ ಬಂದ. ಸಫೋಕಿನವನೇ ಆದ ಟೆಡ್ ಫಿಲಿಪ್ಸ್‌ಗೆ ಕಾಲಿನಲ್ಲಿ ಫಿರಂಗಿಯ ಬಲ. ಅವನ ಹೊಡೆತಕ್ಕೆ ಎದುರಾಗಲು ಗೋಲುರಕ್ಷಕರು ಹಿಂಜರಿಯುತ್ತಿದ್ದರು. ಆಂಡಿ ನೆಲ್ಸನ್ ನಾಯಕ. ನೀಳಕಾಯದ ಜಾನ್ ಎಲ್ಸ್‌ವರ್ದಿ ನಡುಭಾಗದಲ್ಲಿ. ಇವರೆಲ್ಲರ ನಡುವೆ ವಿಚಿತ್ರವಾಗಿ ಕಾಣುತ್ತಿದ್ದವನು 11ನೆಯ ಅಂಕಿಯ ಜಿಮ್ಮಿ ಲೆಡ್‌ಬೆಟರ್.

ಲೆಡ್‌ಬೆಟರ್ ಎಡಿನ್‌ಬರೋ ನಗರದವನು, 1928ರಲ್ಲಿ ಹುಟ್ಟಿದವನು. ಕಡ್ಡಿಯಂತಹ ಕಾಲುಗಳು, ಒಳಸೇರಿದ ಕೆನ್ನೆ. ವಯಸ್ಸಿಗಿಂತ ಹತ್ತು ವರ್ಷ ಹೆಚ್ಚಾಗಿ ಕಾಣುವ ಮುಖ. ವಿಂಗರ್ ಎಂದರೆ ಗಾಳಿಯಂತೆ ಓಡುವವನು ಎಂಬ ಕಲ್ಪನೆಯಿದ್ದ ಕಾಲದಲ್ಲಿ ಇವನಿಗೆ ಓಟವೇ ಇರಲಿಲ್ಲ. ಮೊದಲು ಇನ್‌ಸೈಡ್ ಫಾರ್ವರ್ಡ್ ಆಗಿದ್ದವನನ್ನು ರ್‍ಯಾಮ್ಸೆ ಎಡಪಾರ್ಶ್ವಕ್ಕೆ ಹಾಕಿದಾಗ ಯಾರಿಗಾದರೂ ನಗು ಬಂದಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ವೈದ್ಯಶಾಸ್ತ್ರದ ಒಂದು ಮಾತು ಅಪ್ರಸ್ತುತವಾಗದು. ಮನುಷ್ಯನ ಸ್ನಾಯುಗಳಲ್ಲಿ ಎರಡು ಬಗೆಯ ಎಳೆಗಳಿವೆ: ಕ್ಷಣಮಾತ್ರದಲ್ಲಿ ಪೂರ್ಣ ಬಲದಿಂದ ಕುಗ್ಗಿ ಬೇಗನೆ ದಣಿಯುವವು, ನಿಧಾನವಾಗಿ ಕುಗ್ಗಿ ಬಹುಕಾಲ ದುಡಿಯುವವು. ಚಿಗರೆಯ ಓಟಕ್ಕೆ ಬೇಕಾದವು ಮೊದಲನೆಯವು; ಎತ್ತಿನ ನಡಿಗೆಗೆ ಬೇಕಾದವು ಎರಡನೆಯವು. ವಯಸ್ಸು ಏರಿದಂತೆ ಮೊದಲು ಸೊರಗುವವು ಶೀಘ್ರಗತಿಯ ಎಳೆಗಳೇ. ಆದ್ದರಿಂದಲೇ ಮೂವತ್ತು ದಾಟಿದ ಆಟಗಾರ ತೊಂಬತ್ತು ನಿಮಿಷ ಓಡಾಡಬಲ್ಲನಾದರೂ ಇಪ್ಪತ್ತರ ಹುಡುಗನನ್ನು ಹತ್ತು ಗಜದ ಪಂದ್ಯದಲ್ಲಿ ಹಿಂದೆ ಹಾಕಲಾರ. ಕಣ್ಣಿನ ಅಂದಾಜು, ಪಾದದ ಹದ, ಯಾವ ಗಳಿಗೆಯಲ್ಲಿ ಚೆಂಡನ್ನು ಬಿಟ್ಟುಕೊಡಬೇಕೆಂಬ ವಿವೇಕ, ಇವು ಅಷ್ಟು ಬೇಗ ಕೈಬಿಡುವುದಿಲ್ಲ. ರ್‍ಯಾಮ್ಸೆಯ ವ್ಯೂಹ ನಿಂತುದು ಈ ಲೆಕ್ಕಾಚಾರದ ಮೇಲೆ. ಓಡಲಾರದವನಿಗೆ ಓಡುವ ಕೆಲಸವನ್ನೇ ಕೊಡಬಾರದು ಎಂದು ಆತ ನಿಶ್ಚಯಿಸಿದ.

ಲೆಡ್‌ಬೆಟರ್ ವಿಂಗರನ ಅಂಗಿ ತೊಟ್ಟು ವಿಂಗರನ ಜಾಗದಲ್ಲಿ ನಿಲ್ಲದೆ, ಎಡಪಾರ್ಶ್ವದಲ್ಲೇ ಹಿಂದೆ, ತನ್ನ ರಕ್ಷಕರ ಸಮೀಪ ನಿಂತ. ಬಲಗಡೆಯಲ್ಲಿ ರಾಯ್ ಸ್ಟೀಫನ್‌ಸನ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಎದುರಾಳಿಯ ರೈಟ್‌ಬ್ಯಾಕ್ ರೂಢಿಯಂತೆ 11ನೆಯವನನ್ನು ಕಾಯಲು ಬಂದರೆ ತನ್ನ ಜಾಗದಿಂದ ಮೂವತ್ತು ನಾಲ್ವತ್ತು ಗಜ ಮುಂದೆ ಬರಬೇಕಾಗುತ್ತಿತ್ತು. ಅವನ ಬೆನ್ನ ಹಿಂದೆ ಬಯಲು. ಬಾರದಿದ್ದರೆ ಲೆಡ್‌ಬೆಟರ್ ನಿಶ್ಚಿಂತೆಯಿಂದ ತಲೆಯೆತ್ತಿ ನೋಡಿ ಉದ್ದನೆಯ ಪಾಸ್ ಕೊಡುತ್ತಿದ್ದ. ಎರಡು ಸಂದರ್ಭಗಳಲ್ಲಿಯೂ ಚೆಂಡು ಬೀಳುತ್ತಿದ್ದುದು ಕ್ರಾಫರ್ಡ್ ಮತ್ತು ಫಿಲಿಪ್ಸ್ ನುಗ್ಗುವ ದಾರಿಯಲ್ಲಿ. ಅವರನ್ನು ಎದುರಿಸಲು ಉಳಿದವನು ಒಬ್ಬನೇ ಸೆಂಟರ್‌ಹಾಫ್. ಇಬ್ಬರ ಮೇಲೆ ಒಬ್ಬ. ಇಷ್ಟೇ ಇಡೀ ರಹಸ್ಯ. ಹಂಗೆರಿ 9ನೆಯವನನ್ನು ಹಿಂದೆಳೆದರೆ ರ್‍ಯಾಮ್ಸೆ 11ನೆಯವನನ್ನು ಹಿಂದೆಳೆದ.

1957ರಲ್ಲಿ ಮೂರನೆಯ ದರ್ಜೆಯಿಂದ ಮೇಲೇರಿದ ತಂಡ 1961ರಲ್ಲಿ ಎರಡನೆಯ ದರ್ಜೆಯನ್ನೂ ಗೆದ್ದಿತು. ಆ ಋತುವಿನ ಲೀಗಿನಲ್ಲಿ ಕ್ರಾಫರ್ಡ್ 40, ಫಿಲಿಪ್ಸ್ 30 ಗೋಲು ಹೊಡೆದಿದ್ದರು. ಆದರೂ ಮೊದಲ ದರ್ಜೆಯ ಪಂಡಿತರಿಗೆ ನಂಬಿಕೆ ಬರಲಿಲ್ಲ. ಹಳ್ಳಿಗರು ಬಂದಿದ್ದಾರೆ, ಒಂದು ವರ್ಷ ಇದ್ದು ಹೋಗುತ್ತಾರೆ ಎಂಬುದು ಸಾಮಾನ್ಯ ಅಭಿಪ್ರಾಯ. ರ್‍ಯಾಮ್ಸೆ ಹೊಸದಾಗಿ ಕೊಂಡುಕೊಂಡ ಮುಖ್ಯ ಆಟಗಾರ ಸ್ಕಾಟ್ಲೆಂಡಿನ ಡಗ್ ಮೋರಾನ್ ಒಬ್ಬನೇ. ಋತುವಿನ ಆರಂಭವೂ ಸಪ್ಪೆಯಾಗಿತ್ತು: ಬೋಲ್ಟನ್ ವಿರುದ್ಧ ಗೋಲಿಲ್ಲದ ಸಮಪಂದ್ಯ, ಬರ್ನ್ಲಿಯಲ್ಲಿ 4–3ರ ಸೋಲು. ಆಮೇಲೆ ಅದೇ ಬರ್ನ್ಲಿ ಇಪ್ಸ್‌ವಿಚ್‌ಗೆ ಬಂದು 6–2ರಿಂದ ಸೋತುಹೋಯಿತು. ಹಿಂದಿನ ವರ್ಷ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿದ್ದ ಟಾಟೆನ್‌ಹ್ಯಾಮ್ ಎರಡು ಬಾರಿಯೂ ಸೋತಿತು, ತನ್ನ ನೆಲದಲ್ಲೂ ಸೇರಿದಂತೆ. ಆ ಟಾಟೆನ್‌ಹ್ಯಾಮ್‌ನ ವ್ಯವಸ್ಥಾಪಕ ಬಿಲ್ ನಿಕಲ್ಸನ್.

1962ರ ಏಪ್ರಿಲ್ 28, ಶನಿವಾರ. ಪೋರ್ಟ್‌ಮನ್ ರಸ್ತೆಯ ಪುಟ್ಟ ಕ್ರೀಡಾಂಗಣದಲ್ಲಿ ಸುಮಾರು 29,000 ಜನ. ಎದುರಾಳಿ ಆಸ್ಟನ್ ವಿಲ್ಲಾ. ಎಪ್ಪತ್ತು ನಿಮಿಷ ಕಳೆದರೂ ಗೋಲಿಲ್ಲ. ಅನಂತರ ಎಲ್ಸ್‌ವರ್ದಿ ತಲೆಯಿಂದ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಮರಳಿದಾಗ ಕ್ರಾಫರ್ಡ್ ನೆಲಮಟ್ಟಕ್ಕೆ ಹಾರಿ ತಲೆಯಿಂದಲೇ ಒಳನೂಕಿದ. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಗೋಲು, ಅದೂ ಅವನದೇ. ಅದೇ ಹೊತ್ತಿಗೆ ಬರ್ನ್ಲಿ ತನ್ನ ಪಂದ್ಯವನ್ನು ಗೆಲ್ಲಲಾರದೆ ಸಮಮಾಡಿಕೊಂಡ ಸುದ್ದಿ ಬಂತು. 42 ಪಂದ್ಯ, 24 ಗೆಲುವು, 56 ಅಂಕ. ಬರ್ನ್ಲಿಗೆ 53, ಟಾಟೆನ್‌ಹ್ಯಾಮ್‌ಗೆ 52. ಮೊದಲ ದರ್ಜೆಗೆ ಕಾಲಿಟ್ಟ ಮೊದಲ ವರ್ಷದಲ್ಲೇ ಇಪ್ಸ್‌ವಿಚ್ ಇಂಗ್ಲೆಂಡಿನ ಚಾಂಪಿಯನ್. ಕ್ರಾಫರ್ಡ್ 33 ಗೋಲು, ಫಿಲಿಪ್ಸ್ 28.

ಆ ಸಂಜೆಯ ಬಗ್ಗೆ ಇಪ್ಸ್‌ವಿಚ್‌ನಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಜನವೆಲ್ಲ ಚದುರಿದ ಮೇಲೆ, ಅಧ್ಯಕ್ಷ ಜಾನ್ ಕಾಬೊಲ್ಡ್ ಒಬ್ಬನೇ ಆಸನದಲ್ಲಿ ಕುಳಿತಿದ್ದಾಗ, ಎಂದೂ ಮುಖದಲ್ಲಿ ಭಾವನೆ ತೋರದ ರ್‍ಯಾಮ್ಸೆ ಕೋಟು ಕಳಚಿಟ್ಟು, ಖಾಲಿ ಮೈದಾನಕ್ಕೆ ಒಂಟಿಯಾಗಿ ಒಂದು ಸುತ್ತು ಓಡಿ ಬಂದನಂತೆ.

ಬೇಸಗೆ ಕಳೆಯಿತು. ಲೀಗ್ ವಿಜೇತರಿಗೂ ಕಪ್ ವಿಜೇತರಿಗೂ ಋತುವಿನ ಆರಂಭದಲ್ಲಿ ನಡೆಯುವ ಚಾರಿಟಿ ಶೀಲ್ಡ್ ಪಂದ್ಯ 1962ರ ಆಗಸ್ಟ್ 11ರಂದು ಪೋರ್ಟ್‌ಮನ್ ರಸ್ತೆಯಲ್ಲಿಯೇ ನಡೆಯಿತು. ಎದುರು ಟಾಟೆನ್‌ಹ್ಯಾಮ್. ಗೆದ್ದರೂ ಸೋತರೂ ದೊಡ್ಡ ಮಾತಲ್ಲವೆಂದು ಎಣಿಸಲಾಗುವ ಪಂದ್ಯವದು. ನಿಕಲ್ಸನ್ ಹಾಗೆ ಎಣಿಸಲಿಲ್ಲ. ಹಿಂದಿನ ವರ್ಷದ ಎರಡು ಸೋಲುಗಳು ಅವನ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿದ್ದುವು. ಹಳೆಯ ಜೊತೆಗಾರನ ತಲೆ ಹೇಗೆ ಓಡುತ್ತದೆಂಬುದೂ ಅವನಿಗೆ ಗೊತ್ತು. ಅವನು ಕಂಡುಕೊಂಡ ಪರಿಹಾರ ನಾಚಿಕೆಯಾಗುವಷ್ಟು ಸರಳ. ಲೆಡ್‌ಬೆಟರ್ ಮತ್ತು ಸ್ಟೀಫನ್‌ಸನ್ನರನ್ನು ಕಾಯುವ ಕೆಲಸವನ್ನು ಬ್ಯಾಕ್‌ಗಳಿಂದ ಕಿತ್ತು ನಡುಭಾಗದ ಹಾಫ್‌ಗಳಿಗೆ ಕೊಟ್ಟ. ಹೀಗೆ ಬಿಡುವಾದ ಇಬ್ಬರು ಬ್ಯಾಕ್‌ಗಳನ್ನು ಒಳಕ್ಕೆ ಸರಿಸಿ, ಸೆಂಟರ್‌ಹಾಫ್‌ನ ಜೊತೆಗೆ ಕ್ರಾಫರ್ಡ್ ಮತ್ತು ಫಿಲಿಪ್ಸ್‌ರನ್ನು ಕಾಯಲು ನಿಲ್ಲಿಸಿದ. ಒಬ್ಬನ ಮೇಲೆ ಇಬ್ಬರಿದ್ದುದು ಈಗ ಮೂವರ ಮೇಲೆ ಇಬ್ಬರಾಯಿತು. ಟಾಟೆನ್‌ಹ್ಯಾಮ್ 5–1ರಿಂದ ಗೆದ್ದಿತು.

ಇತರ ತಂಡಗಳಿಗೆ ಅಷ್ಟೇ ಸಾಕಾಯಿತು. ಬೀಗದ ಕೈಯನ್ನು ಒಬ್ಬ ತಿರುಗಿಸಿ ತೋರಿಸಿದ ಮೇಲೆ ಬಾಗಿಲು ತೆರೆಯುವುದಕ್ಕೆ ಜಾಣ್ಮೆ ಬೇಕೆ? ಹೆಜ್ಜೆಹೆಜ್ಜೆಗೂ ಕಾವಲು ಬಿದ್ದಾಗ ಲೆಡ್‌ಬೆಟರನಿಗೆ ತಲೆಯೆತ್ತಿ ನೋಡಲು ಬೇಕಾದ ಆ ಒಂದೆರಡು ಕ್ಷಣ ದೊರೆಯದಾಯಿತು. ಓಡಿ ತಪ್ಪಿಸಿಕೊಳ್ಳೋಣವೆಂದರೆ ಕಾಲಿನಲ್ಲಿ ವೇಗವಿಲ್ಲ. ವ್ಯೂಹದ ದೌರ್ಬಲ್ಯ ಇದ್ದುದೇ ಇಲ್ಲಿ. ಕಲ್ಪನೆ ತಪ್ಪಾಗಿರಲಿಲ್ಲ, ಆದರೆ ಅದನ್ನು ಹೆಣೆದಿದ್ದುದು ಹನ್ನೊಂದು ನಿರ್ದಿಷ್ಟ ದೇಹಗಳ ಕೊರತೆಗಳನ್ನು ಮರೆಮಾಡುವುದಕ್ಕಾಗಿ. ಪರದೆ ಸರಿದಾಗ ಹಿಂದೆ ಇನ್ನೊಂದು ಉಪಾಯ ಸಿದ್ಧವಾಗಿರಲಿಲ್ಲ. ಹೊಸ ಉಪಾಯಕ್ಕೆ ಬೇಕಾದ ಹೊಸ ಕಾಲುಗಳನ್ನು ಕೊಳ್ಳಲು ಹಣವೂ ಇರಲಿಲ್ಲ. 1961ರ ಜನವರಿಯಲ್ಲಿ ಆಟಗಾರರ ವಾರದ ಸಂಬಳಕ್ಕಿದ್ದ 20 ಪೌಂಡಿನ ಮಿತಿ ರದ್ದಾದಂದಿನಿಂದ ಸಣ್ಣ ಊರಿನ ಕ್ಲಬ್ಬುಗಳಿಗೆ ಒಳ್ಳೆಯ ಹುಡುಗರನ್ನು ಹಿಡಿದಿಟ್ಟುಕೊಳ್ಳುವುದು ಇನ್ನಷ್ಟು ಕಠಿಣವಾಗಿತ್ತು.

ಯುರೋಪಿನಲ್ಲಿ ಮಾತ್ರ ಸ್ವಲ್ಪ ಕಾಲ ಬೆಳಕು ಉಳಿದಿತ್ತು. ಮಾಲ್ಟಾ ದೇಶದ ಫ್ಲೊರಿಯಾನಾ ತಂಡವನ್ನು 1962ರ ಸೆಪ್ಟೆಂಬರಿನಲ್ಲಿ ಇಪ್ಸ್‌ವಿಚ್ 10–0ರಿಂದ ಸೋಲಿಸಿತು. ಕ್ರಾಫರ್ಡ್ ಐದು ಗೋಲು ಹೊಡೆದ. ಮುಂದಿನ ಸುತ್ತಿನಲ್ಲಿ ಇಟಲಿಯ ಮಿಲಾನ್ ತನ್ನ ನೆಲದಲ್ಲಿ 3–0ರಿಂದ ಗೆದ್ದು, ಇಪ್ಸ್‌ವಿಚ್‌ನಲ್ಲಿ 2–1ರಿಂದ ಸೋತರೂ ಒಟ್ಟಿನಲ್ಲಿ ಮುಂದೆ ಸಾಗಿತು. ಆ ವರ್ಷದ ಕಪ್ಪನ್ನು ಗೆದ್ದುದೂ ಮಿಲಾನೇ ಆದುದರಿಂದ ಆ ಸೋಲಿನಲ್ಲಿ ಅವಮಾನವೇನಿಲ್ಲ. ಲೀಗಿನಲ್ಲಿ ಸ್ಥಾನ 17ನೆಯದು.

ಇಷ್ಟರಲ್ಲಿ ರ್‍ಯಾಮ್ಸೆಯೇ ಹೊರಟಿದ್ದ. 1962ರ ಅಕ್ಟೋಬರಿನಲ್ಲಿ ಇಂಗ್ಲೆಂಡ್ ರಾಷ್ಟ್ರೀಯ ತಂಡದ ಹೊಣೆ ಅವನಿಗೆ ಬಂತು. 1963ರಲ್ಲಿ ಪೂರ್ಣವಾಗಿ ಅತ್ತ ಹೋದ. ಅವನ ಜಾಗಕ್ಕೆ ಬಂದವನು ನ್ಯೂಕಾಸಲ್ ತಂಡದ ಹಳೆಯ ವೀರ ಜಾಕಿ ಮಿಲ್‌ಬರ್ನ್. 1955ರ ಕಪ್ ಫೈನಲ್‌ನಲ್ಲಿ ಪಂದ್ಯ ಆರಂಭವಾದ 45 ಸೆಕೆಂಡಿನಲ್ಲೇ ಗೋಲು ಹೊಡೆದು ರೆವಿ ಯೋಜನೆಯ ಮ್ಯಾಂಚೆಸ್ಟರ್ ಸಿಟಿಯನ್ನು ನಡುಗಿಸಿದವನು ಇವನೇ. ಆದರೆ ಅವನ ಕೈಗೆ ಬಂದುದು ಬೇರೊಬ್ಬನ ಅಳತೆಗೆ ಹೊಲಿದ, ಸವೆದ ಅಂಗಿ. 1963ರ ಸೆಪ್ಟೆಂಬರಿನಲ್ಲಿ ಕ್ರಾಫರ್ಡ್ ವುಲ್ವರ್‌ಹ್ಯಾಂಪ್ಟನ್‌ಗೆ ಮಾರಾಟವಾದ.

1963ರ ಡಿಸೆಂಬರ್ 26ರಂದು ಲಂಡನ್ನಿನ ಫುಲ್ಹಮ್ ತಂಡ ಇಪ್ಸ್‌ವಿಚ್ ವಿರುದ್ಧ ಹತ್ತು ಗೋಲು ಹೊಡೆಯಿತು. ಫಲಿತಾಂಶ 10–1. ಫುಲ್ಹಮ್‌ನ ಗ್ರಹಾಮ್ ಲೆಗಟ್ ಮೂರೇ ನಿಮಿಷಗಳಲ್ಲಿ ಮೂರು ಗೋಲು ಹೊಡೆದ. ಈ ಅಂಕಿ ಭಾರತದ ಹಿರಿಯ ಕ್ರೀಡಾಪ್ರೇಮಿಗಳಿಗೂ ಪರಿಚಿತವಾದುದೇ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು ಸೋಲಿಸಿದುದು 10–1ರಿಂದಲೇ. ಆ ಒಂದು ಗೋಲು ಹೊಡೆದವನು ಬೆಂಗಳೂರಿನ ಅಹ್ಮದ್ ಖಾನ್. ಆದರೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಆ ಸೋಲಿನ ಮೇಲೆ ತಂಡವನ್ನು ಹೊಸದಾಗಿ ಕಟ್ಟಿ, ನಾಲ್ಕೇ ವರ್ಷಗಳಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೆಯ ಸ್ಥಾನಕ್ಕೆ ತಂದ. ಇಪ್ಸ್‌ವಿಚ್‌ಗೆ ಅಂತಹ ಕಾಲಾವಕಾಶ ಇರಲಿಲ್ಲ. ಫುಲ್ಹಮ್ ಪಂದ್ಯವಾದ ಎರಡೇ ದಿನಕ್ಕೆ ಅದೇ ಫುಲ್ಹಮ್ ಪೋರ್ಟ್‌ಮನ್ ರಸ್ತೆಗೆ ಬಂದಾಗ ಇಪ್ಸ್‌ವಿಚ್ 4–2ರಿಂದ ಗೆದ್ದಿತೆಂಬುದು ಈ ಆಟದ ಚೋದ್ಯ. ಆ ಗೆಲುವಿನಿಂದ ಏನೂ ಉಳಿಯಲಿಲ್ಲ. ಋತು ಮುಗಿದಾಗ 42 ಪಂದ್ಯಗಳಲ್ಲಿ 121 ಗೋಲು ಬಿಟ್ಟುಕೊಟ್ಟು ತಂಡ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಚಾಂಪಿಯನ್ ಪಟ್ಟ ಗೆದ್ದ ಎರಡೇ ವರ್ಷಕ್ಕೆ ಎರಡನೆಯ ದರ್ಜೆಗೆ ಮರಳಿತು. 1964ರ ಸೆಪ್ಟೆಂಬರಿನಲ್ಲಿ ಮಿಲ್‌ಬರ್ನ್ ರಾಜೀನಾಮೆ ಕೊಟ್ಟ.

ರ್‍ಯಾಮ್ಸೆಯ ಕಲ್ಪನೆ ಇಪ್ಸ್‌ವಿಚ್‌ನೊಂದಿಗೆ ಸಾಯಲಿಲ್ಲ. 1965ರ ಡಿಸೆಂಬರಿನಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನಿನ ವಿರುದ್ಧ ಅವನು ವಿಂಗರುಗಳೇ ಇಲ್ಲದ ಇಂಗ್ಲೆಂಡ್ ತಂಡವನ್ನು ಇಳಿಸಿ 2–0ರಿಂದ ಗೆದ್ದ. 1966ರ ಜುಲೈ 30ರಂದು ಅದೇ ಬಗೆಯ ತಂಡ ವಿಶ್ವಕಪ್ ಗೆದ್ದಿತು. ಪಾರ್ಶ್ವದವರನ್ನು ಹಿಂದೆಳೆಯುವ ಅದೇ ಉಪಾಯ. ಆದರೆ ಈ ಬಾರಿ ಪಾರ್ಶ್ವಗಳಲ್ಲಿ ದುಡಿದವರು 21ರ ಪ್ರಾಯದ ಆಲನ್ ಬಾಲ್ ಮತ್ತು 22ರ ಮಾರ್ಟಿನ್ ಪೀಟರ್ಸ್. ಹೆಚ್ಚುವರಿ ಅರ್ಧಗಂಟೆ ಸೇರಿ ನೂರಿಪ್ಪತ್ತು ನಿಮಿಷ ಓಡಿದರೂ ಬಾಲ್ ದಣಿಯಲಿಲ್ಲ. ಕಾವಲುಗಾರ ಬೆನ್ನಿಗೆ ಬಿದ್ದರೆ ಅವನನ್ನು ಓಡಿಸಿ ಓಡಿಸಿ ಸುಸ್ತುಮಾಡುವ ಕಾಲುಗಳು ಅವು. ಅದೂ ಶಾಶ್ವತವಾಗಲಿಲ್ಲವೆನ್ನಿ. 1970ರಲ್ಲಿ ಮೆಕ್ಸಿಕೋದ ಬಿಸಿಲಿನಲ್ಲಿ ಪಶ್ಚಿಮ ಜರ್ಮನಿ 2–0ರ ಹಿನ್ನಡೆಯಿಂದ ಮೇಲೆದ್ದು 3–2ರಿಂದ ಗೆದ್ದಿತು. 1973ರಲ್ಲಿ ಪೋಲೆಂಡ್ ವೆಂಬ್ಲಿಯಲ್ಲಿ ಸಮಮಾಡಿಕೊಂಡು ಇಂಗ್ಲೆಂಡಿಗೆ ವಿಶ್ವಕಪ್ಪಿನ ಬಾಗಿಲು ಮುಚ್ಚಿತು. 1974ರಲ್ಲಿ ರ್‍ಯಾಮ್ಸೆಯನ್ನು ಕೆಲಸದಿಂದ ತೆಗೆದುಹಾಕಲಾಯಿತು.

ಅನಂತರವೂ ಆತ ವಾಸಕ್ಕೆ ಆರಿಸಿಕೊಂಡುದು ಇಪ್ಸ್‌ವಿಚ್ ಪಟ್ಟಣವನ್ನೇ. 1999ರ ಏಪ್ರಿಲ್ 28ರಂದು ತೀರಿಕೊಂಡ. ಲೀಗ್ ಗೆದ್ದ ಆ ಶನಿವಾರಕ್ಕೆ ಅಂದಿಗೆ ಸರಿಯಾಗಿ 37 ವರ್ಷ. ಪೋರ್ಟ್‌ಮನ್ ರಸ್ತೆಯ ಮೂಲೆಯಲ್ಲಿ ಅವನ ಪ್ರತಿಮೆಯಿದೆ.

ಲೆಡ್‌ಬೆಟರ್ ಕೆಳದರ್ಜೆಯಲ್ಲಿಯೂ ತಂಡವನ್ನು ಬಿಡದೆ 1965ರವರೆಗೆ ಇಪ್ಸ್‌ವಿಚ್‌ಗೆ ಆಡಿದ. ಆಗ ಅವನಿಗೆ ಮೂವತ್ತಾರು ದಾಟಿತ್ತು. ಮುಂದೆ ಎಡಿನ್‌ಬರೋಗೆ ಮರಳಿ, ಅಲ್ಲಿ ವ್ಯಾನು ನಡೆಸಿಕೊಂಡು ಅಂಗಡಿಗಳಿಗೆ ವೃತ್ತಪತ್ರಿಕೆಗಳನ್ನು ಹಂಚುವ ಕೆಲಸ ಮಾಡಿದ.